ಮಾಡಿ ಕಲಿಯುವ ವಿದ್ಯೆ: ವಾರ್ಧಾದಿಂದ ಮಹಾಲಿನವರೆಗೆ

ನಾಗಪುರದ ಹಳೆಯ ಪೇಟೆಯಾದ ಮಹಾಲಿನಲ್ಲಿ, ಗಾಂಧಿ ದ್ವಾರದಿಂದ ಬಡಕಸ ಚೌಕದ ಕಡೆಗೆ ಹೋಗುವ ಇಕ್ಕಟ್ಟಾದ ಬೀದಿಗಳಲ್ಲಿ, ಶಾಲೆಗಳ ಸತ್ರಾಂತ ಸಮೀಪಿಸಿತೆಂದರೆ ಕಾಗದ ಪುಸ್ತಕದ ಅಂಗಡಿಗಳಿಗೆ ಒಂದು ಬಗೆಯ ವ್ಯಾಪಾರ ಕುದುರುತ್ತದೆ. ಜಲಚಕ್ರ, ಸೌರಮಂಡಲ, ಮಹಾರಾಷ್ಟ್ರದ ದುರ್ಗಗಳು, ಪರಿಸರಮಾಲಿನ್ಯ ಎಂದು ವಿಷಯವಾರಾಗಿ ಅಚ್ಚುಮಾಡಿದ ಚಿತ್ರಗಳ ಹಾಳೆಗಳು, ಅವುಗಳ ಬೆನ್ನಿಗೆ ನಕಲುಮಾಡಿಕೊಳ್ಳಲು ಸಿದ್ಧವಾದ ಮಾಹಿತಿ, ಬಣ್ಣ ಬಳಿದ ಥರ್ಮಾಕೋಲಿನ ಜ್ವಾಲಾಮುಖಿ, ಇವೆಲ್ಲವನ್ನು ಅಂಟಿಸಿಕೊಳ್ಳಲು ‘ಪ್ರಕಲ್ಪ ವಹಿ’ ಎಂದು ಮುಖಪುಟದ ಮೇಲೆಯೇ ಬರೆದಿರತಕ್ಕ ಒಂದು ನೋಟ್‌ಬುಕ್ಕು: ಇಷ್ಟನ್ನು ಕೊಂಡು ತಂದು, ರಾತ್ರಿ ಹನ್ನೊಂದರವರೆಗೆ ತಾಯಿಯೋ ಅಕ್ಕನೋ ಕತ್ತರಿ ಹಿಡಿದು ಕುಳಿತು ಮುಗಿಸಿಕೊಟ್ಟರೆ, ಮರುದಿನ ಗುರುಗಳು ಸಹಿ ಹಾಕಿ ಅಂಕ ಕೊಡುತ್ತಾರೆ. ಈ ವ್ಯವಹಾರದಲ್ಲಿ ಪ್ರಶ್ನೆಯನ್ನು ಎತ್ತಿದವರು ಯಾರು, ಉತ್ತರವನ್ನು ಹುಡುಕಿದವರು ಯಾರು ಎಂದು ವಿಚಾರಿಸಹೊರಟರೆ ಅಂಗಡಿಯಾತನೊಬ್ಬನನ್ನು ಬಿಟ್ಟು ಬೇರೊಬ್ಬರ ಹೆಸರನ್ನು ಹೇಳುವುದು ಕಷ್ಟ.

ಹೀಗಿದ್ದರೂ, ಮಕ್ಕಳಿಗೆ ವಿಚಾರಶಕ್ತಿಯನ್ನು ಕಲಿಸಬೇಕು, ಕಂಠಪಾಠವನ್ನು ಬಿಡಿಸಬೇಕು, ಅನ್ವೇಷಣೆಯಿಂದಲೂ ಸ್ವಂತ ಕಾರ್ಯದಿಂದಲೂ ವಿದ್ಯೆ ಬರುವಂತಾಗಬೇಕು ಎಂಬ ಮಾತು ಈಗ ಕೇಳಿಬರುವಷ್ಟು ಹಿಂದೆಂದೂ ಕೇಳಿಬಂದಿರಲಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಇದನ್ನೇ ಹೇಳುತ್ತದೆ. ಆರರಿಂದ ಎಂಟನೆಯ ತರಗತಿಯವರೆಗಿನ ಮಕ್ಕಳು ಹತ್ತು ದಿನಗಳ ಕಾಲ ಪುಸ್ತಕದ ಚೀಲವಿಲ್ಲದೆ ಬಂದು ಬಡಗಿ, ಕುಂಬಾರ, ತೋಟಗಾರರ ಬಳಿ ಕೆಲಸ ಕಲಿಯಬೇಕೆಂದೂ ವಿಧಿಸುತ್ತದೆ. 2016ರಿಂದ ಈಚೆಗೆ ಕೇಂದ್ರ ಸರ್ಕಾರವು ಶಾಲೆಯೊಂದಕ್ಕೆ 20 ಲಕ್ಷ ರೂಪಾಯಿಗಳ ಅನುದಾನವಿತ್ತು ಅಟಲ್ ಟಿಂಕರಿಂಗ್ ಲ್ಯಾಬ್‌ಗಳನ್ನು ತೆರೆಯಿಸುತ್ತಿದೆ. ‘ಇಪ್ಪತ್ತೊಂದನೆಯ ಶತಮಾನದ ಕೌಶಲಗಳು’ ಎಂಬ ಹೆಸರಿನಿಂದ ಇವೆಲ್ಲವೂ ನಿನ್ನೆ ಮೊನ್ನೆ ಕಡಲಾಚೆಯಿಂದ ಬಂದಿಳಿದ ಸರಕೆಂಬಂತೆ ಚರ್ಚಿತವಾಗುತ್ತಿರುವುದನ್ನು ಕಂಡಾಗ, ಈ ನಾಗಪುರದ ಸೀಮೆಯ ಚರಿತ್ರೆಯನ್ನು ಬಲ್ಲವರಿಗೆ ಸ್ವಲ್ಪ ನಗು ಬಂದರೆ ಅದನ್ನು ಅವಿನಯವೆನ್ನಲಾಗದು.

ಏಕೆಂದರೆ ಭೋಸಲೆ ಅರಸರ ರಾಜಧಾನಿಯಾಗಿದ್ದು, ಬಳಿಕ 1861ರಿಂದ ಮಧ್ಯಪ್ರಾಂತಗಳಿಗೂ 1956ರವರೆಗೆ ಅವುಗಳ ಉತ್ತರಾಧಿಕಾರಿಯಾದ ರಾಜ್ಯಕ್ಕೂ ರಾಜಧಾನಿಯಾಗಿ ಮುಂದುವರಿದ ಈ ಊರಿನ ಆಡಳಿತಕ್ಕೆ ಒಳಪಟ್ಟಿದ್ದ ನೆಲದಲ್ಲಿಯೇ, ಭಾರತದಲ್ಲಿ ಈ ದಿಶೆಯಲ್ಲಿ ನಡೆದಿರುವ ಪ್ರಯತ್ನಗಳಲ್ಲೆಲ್ಲ ಅತ್ಯಂತ ಗಂಭೀರವಾದ ಎರಡು ನಡೆದುವು: ಒಂದು ಇಲ್ಲಿಂದ ಎಪ್ಪತ್ತೈದು ಕಿಲೋಮೀಟರಿನಷ್ಟು ದೂರದ ವಾರ್ಧಾದಲ್ಲಿ, ಇನ್ನೊಂದು ಸಾತಪುಡಾದ ಆಚೆಗೆ ನರ್ಮದಾತೀರದ ಹೋಶಂಗಾಬಾದಿನಲ್ಲಿ. ಎರಡನೆಯದು ನಡೆಯುವ ವೇಳೆಗೆ ಆ ಜಿಲ್ಲೆ ಹೊಸ ಮಧ್ಯಪ್ರದೇಶಕ್ಕೆ ಸೇರಿಹೋಗಿತ್ತೆಂಬುದು ಬೇರೆಯ ಮಾತು. ಇವೆರಡೂ ಏಕೆ ಉಳಿಯಲಿಲ್ಲವೆಂಬುದನ್ನು ನಿರ್ಣಯಿಸಿಕೊಳ್ಳದೆ ಮೂರನೆಯದಕ್ಕೆ ಹಣ ಹೂಡುವುದು ವಿವೇಕವಲ್ಲ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದಾದರೆ, ಮಕ್ಕಳಿಂದ ಆಗಲಿಲ್ಲವೆಂಬ ಕಾರಣಕ್ಕೆ ಇವೆರಡರಲ್ಲಿ ಒಂದೂ ನಿಲ್ಲಲಿಲ್ಲ. ತರಗತಿಯ ಹೊರಗೆ, ಪರೀಕ್ಷೆಯ ಮತ್ತು ಅಧಿಕಾರದ ಬಾಗಿಲಲ್ಲಿ, ಅವು ಸೋತುವು.

1937ರ ಅಕ್ಟೋಬರ್ 22 ಮತ್ತು 23ರಂದು ವಾರ್ಧಾದ ಶಾಲೆಯೊಂದರಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಶಿಕ್ಷಣ ಪರಿಷತ್ತು ಸೇರಿತು. ಏಳರಿಂದ ಹದಿನಾಲ್ಕು ವರ್ಷದವರೆಗೆ ಎಲ್ಲ ಮಕ್ಕಳಿಗೂ ಮಾತೃಭಾಷೆಯಲ್ಲಿ, ಒಂದು ಕೈಗಸುಬನ್ನು ಕೇಂದ್ರವಾಗಿಟ್ಟುಕೊಂಡು, ಶಿಕ್ಷಣ ಕೊಡಬೇಕೆಂಬುದು ಅಲ್ಲಿ ಮಂಡಿತವಾದ ವಿಚಾರ. ಜಾಕಿರ್ ಹುಸೇನರು ಆ ಸಭೆಯಲ್ಲಿ ಎದ್ದು, ಕೆಲಸದ ಮೂಲಕ ಕಲಿಸುವುದು ಸರ್ವಥಾ ನೂತನವಾದುದಲ್ಲವೆಂದೂ, ಅಮೆರಿಕದವರು ಪ್ರಾಜೆಕ್ಟ್ ಪದ್ಧತಿಯೆಂದೂ ರಷ್ಯದವರು ಕಾಂಪ್ಲೆಕ್ಸ್ ಪದ್ಧತಿಯೆಂದೂ ಇದನ್ನೇ ಕರೆಯುತ್ತಾರೆಂದೂ ಸೌಜನ್ಯದಿಂದಲೇ ಆದರೂ ಸ್ಪಷ್ಟವಾಗಿ ಹೇಳಿದರು. ಅವರ ಮನಸ್ಸಿನಲ್ಲಿದ್ದುದು ಷಿಕಾಗೋದಲ್ಲಿ 1896ರಲ್ಲಿ ಜಾನ್ ಡ್ಯೂಯಿ ಆರಂಭಿಸಿದ ಪ್ರಯೋಗಶಾಲೆಯ ಪರಂಪರೆ. ಆತನ ಶಿಷ್ಯ ಕಿಲ್‌ಪ್ಯಾಟ್ರಿಕ್ 1918ರಲ್ಲಿ ಪ್ರಾಜೆಕ್ಟ್ ಪದ್ಧತಿಯನ್ನು ಕುರಿತು ಬರೆದ ಪ್ರಬಂಧವು ಆ ವೇಳೆಗಾಗಲೇ ಲೋಕಪ್ರಸಿದ್ಧವಾಗಿದ್ದಿತು. ಮಹಾತ್ಮರ ಎದುರಿನಲ್ಲಿ, ಅವರದೇ ಯೋಜನೆಯ ವಂಶಾವಳಿಯನ್ನು ಬಿಡಿಸಿ ಹೇಳಿದವರನ್ನೇ ಆ ಯೋಜನೆಯ ಪಠ್ಯಕ್ರಮ ಸಮಿತಿಗೆ ಅಧ್ಯಕ್ಷರನ್ನಾಗಿ ಮಾಡಿದರೆಂಬುದು ಆ ಕಾಲದ ದೊಡ್ಡತನ.

ಆ ಸಮಿತಿ ಹಾಕಿಕೊಟ್ಟ ದಿನಚರಿಯನ್ನು ನೋಡಿದರೆ ಉದ್ದೇಶದ ತೀವ್ರತೆ ತಿಳಿಯುತ್ತದೆ. ಶಾಲೆಯ ಐದೂವರೆ ಗಂಟೆಗಳಲ್ಲಿ ಮೂರು ಗಂಟೆ ಇಪ್ಪತ್ತು ನಿಮಿಷ ಕೈಗಸುಬಿಗೆ. ಮಾತೃಭಾಷೆಗೆ ನಲವತ್ತು ನಿಮಿಷ. ಸಂಗೀತ, ಚಿತ್ರ, ಗಣಿತಗಳಿಗೆ ಒಟ್ಟು ನಲವತ್ತು. ಸಮಾಜ ವಿಷಯಗಳಿಗೂ ಸಾಮಾನ್ಯ ವಿಜ್ಞಾನಕ್ಕೂ ಸೇರಿ ಮೂವತ್ತು. ಹಾಗಾದರೆ ಗಣಿತ ಎಲ್ಲಿ ಉಳಿಯಿತು ಎಂದು ಕೇಳುವವರಿಗೆ ನೂಲುವ ತಕಲಿಯೇ ಉತ್ತರ ಕೊಡುತ್ತಿತ್ತು. ನಾಲ್ಕು ಅಡಿಯ ಒಂದು ಸುತ್ತು ಒಂದು ತಾರು. ನೂರ ಅರವತ್ತು ತಾರುಗಳಾದರೆ ಒಂದು ಲಟ್ಟಿ. ನಾಲ್ಕು ಲಟ್ಟಿಗಳಾದರೆ ಒಂದು ಗುಂಡಿ. ಒಂಬತ್ತು ವರ್ಷದ ಬಾಲಕನು ಅರ್ಧ ಗಂಟೆಯಲ್ಲಿ ತಾನೆಷ್ಟು ತಾರು ನೂತೆನೆಂದು ಎಣಿಸಿ, ನಿನ್ನೆಯದಕ್ಕಿಂತ ಎಷ್ಟು ಹೆಚ್ಚೆಂದು ಕಳೆದು, ನೂಲಿನ ತೂಕಕ್ಕೂ ಉದ್ದಕ್ಕೂ ಇರುವ ಪ್ರಮಾಣದಿಂದ ಅದರ ನಂಬರನ್ನು ಕಂಡುಹಿಡಿಯುವಾಗ, ದಶಾಂಶವನ್ನೂ ಅನುಪಾತವನ್ನೂ ಸರಾಸರಿಯನ್ನೂ ಬಳಸದೆ ಗತ್ಯಂತರವಿಲ್ಲ. ಇಂದು ನೂಲು ಪದೇ ಪದೇ ಏಕೆ ತುಂಡಾಗುತ್ತಿದೆ, ಹಂಜಿಯ ದೋಷವೋ ಕೈಯ ದೋಷವೋ, ಗಾಳಿಯ ತೇವ ಆರಿದ್ದರಿಂದಲೋ ಎಂದು ಆತ ಕೇಳಿದನೆಂದರೆ ವಿಜ್ಞಾನವೂ ಅಲ್ಲಿಯೇ ಮೊದಲಾಯಿತು. ಚೈತ್ರ ವೈಶಾಖಗಳ ವಿದರ್ಭದ ಒಣಹವೆಯಲ್ಲಿ ನೂಲುವವರಿಗೆ ಈ ಕೊನೆಯ ಪ್ರಶ್ನೆ ಕಾಲ್ಪನಿಕವಲ್ಲ.

ಆದರೆ ಕೇಳುವಂತೆ ಮಾಡುವವರು ಬೇಕು. ಶಿಕ್ಷಕನು ಕೇಳಿಸದಿದ್ದರೆ ಮೂರು ಗಂಟೆ ಇಪ್ಪತ್ತು ನಿಮಿಷವೂ ಬರಿಯ ದುಡಿಮೆಯೇ. ಮಕ್ಕಳ ಉತ್ಪನ್ನದಿಂದ ಶಿಕ್ಷಕನ ಸಂಬಳ ಹುಟ್ಟಬೇಕೆಂಬ ಅಂಶಕ್ಕೆ ಅರ್ಥಶಾಸ್ತ್ರಜ್ಞ ಕೆ. ಟಿ. ಶಾಹರು ಪರಿಷತ್ತಿನಲ್ಲಿಯೇ ವಿರೋಧ ಹೇಳಿದರು. ಆರ್ಥಿಕ ಲಾಭದ ಮೇಲೆ ದೃಷ್ಟಿ ನೆಟ್ಟು ಶಿಕ್ಷಣದ ಗುರಿಯನ್ನು ಮರೆಯುವ ಅಪಾಯವುಂಟೆಂದು ಸಮಿತಿಯ ವರದಿಯೂ ಎಚ್ಚರಿಸಿತು. 1938ರಲ್ಲಿ ಹರಿಪುರದ ಕಾಂಗ್ರೆಸ್ಸು ಈ ಯೋಜನೆಯನ್ನು ಅಂಗೀಕರಿಸಿತು; ವಾರ್ಧಾದ ಬಳಿಯ ಸೇವಾಗ್ರಾಮದಲ್ಲಿ ಆರ್ಯನಾಯಕಂ ದಂಪತಿಗಳ ನೇತೃತ್ವದಲ್ಲಿ ಹಿಂದೂಸ್ತಾನಿ ತಾಲೀಮಿ ಸಂಘವು ಕೆಲಸ ಆರಂಭಿಸಿತು. ಅದೇ ಕಾಲಕ್ಕೆ ನಾಗಪುರದ ಸರ್ಕಾರದಲ್ಲಿ ರವಿಶಂಕರ ಶುಕ್ಲರು ದಾನಭೂಮಿಯ ಉತ್ಪನ್ನದಿಂದ ನಡೆಯತಕ್ಕ ‘ವಿದ್ಯಾಮಂದಿರ’ಗಳನ್ನು ಹಳ್ಳಿಹಳ್ಳಿಗೆ ಕೊಡಹೊರಟರು, ಆ ಹೆಸರಿನ ಮೇಲೆಯೇ ಮುಸ್ಲಿಂ ಲೀಗು ಆಕ್ಷೇಪವೆತ್ತಿ ವಾದ ಬೆಳೆದು, ಶಾಲೆಯೊಳಗೆ ಏನು ಕಲಿಸುತ್ತಾರೆಂಬ ಪ್ರಶ್ನೆ ಹಿಂದೆ ಬಿದ್ದಿತು. ಸ್ವಾತಂತ್ರ್ಯಾನಂತರ ಅನೇಕ ಪ್ರಾಂತಗಳಲ್ಲಿ ಮೂಲಶಿಕ್ಷಣವೆಂಬ ಹೆಸರಿನಿಂದ ಈ ಯೋಜನೆಯ ಫಲಕಗಳು ಏರಿದುವು. ಆದರೆ ಹಳ್ಳಿಯ ಬಡವನ ಮಗನಿಗೆ ತಕಲಿ, ಪಟ್ಟಣದ ವಕೀಲನ ಮಗನಿಗೆ ಇಂಗ್ಲಿಷು ಎಂಬ ವಿಭಾಗವನ್ನು ಹಳ್ಳಿಯವರು ಬೇಗನೆ ಅರ್ಥಮಾಡಿಕೊಂಡರು. ಮೆಟ್ರಿಕ್ ಪರೀಕ್ಷೆ ತಕಲಿಯನ್ನು ಕೇಳುತ್ತಿರಲಿಲ್ಲ, ನೌಕರಿ ಮೆಟ್ರಿಕ್ಕನ್ನು ಕೇಳುತ್ತಿತ್ತು. 1964–66ರ ಕೊಠಾರಿ ಆಯೋಗದ ವರದಿಯಲ್ಲಿ ಮೂಲಶಿಕ್ಷಣವು ‘ಕಾರ್ಯಾನುಭವ’ವೆಂದು ಸೌಮ್ಯವಾಯಿತು. ಸೇವಾಗ್ರಾಮದ ಶಾಲೆ ಬಹುಕಾಲ ಮುಚ್ಚಿದ್ದು, 2005ರಲ್ಲಿ ಆನಂದ ನಿಕೇತನವೆಂಬ ಹೆಸರಿನಿಂದ ಮರಳಿ ತೆರೆಯಿತು. ಅಲ್ಲಿ ಮಕ್ಕಳು ಇಂದಿಗೂ ಹತ್ತಿ ಬೆಳೆದು, ಅಡುಗೆ ಮಾಡಿ, ಅದರಿಂದ ಪಾಠ ಕಲಿಯುತ್ತಾರೆ.

ಹೋಶಂಗಾಬಾದಿನ ಕಥೆ ಬೇರೆಯ ರೀತಿಯದು, ಮತ್ತು ನನ್ನ ದೃಷ್ಟಿಯಲ್ಲಿ ಹೆಚ್ಚು ಬೋಧಪ್ರದವಾದುದು. 1972ರಲ್ಲಿ ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಮತ್ತು ಕಿಶೋರ್ ಭಾರತಿ ಎಂಬ ಎರಡು ಸಂಸ್ಥೆಗಳು ಹದಿನಾರು ಸರ್ಕಾರಿ ಮಾಧ್ಯಮಿಕ ಶಾಲೆಗಳನ್ನು ಪಡೆದು, ಆರರಿಂದ ಎಂಟನೆಯ ತರಗತಿಯವರೆಗೆ ವಿಜ್ಞಾನವನ್ನು ಸಂಪೂರ್ಣವಾಗಿ ಪ್ರಯೋಗದ ಮೂಲಕವೇ ಕಲಿಸುವ ಅನುಮತಿಯನ್ನು ಸರ್ಕಾರದಿಂದ ಸಂಪಾದಿಸಿದುವು. ದಿಲ್ಲಿಯ ವಿಶ್ವವಿದ್ಯಾಲಯದಿಂದಲೂ ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಿಂದಲೂ ವಿಜ್ಞಾನಿಗಳು ಧೂಳಿನ ಹಾದಿ ಹಿಡಿದು ಬಂದರು. 1978ರಲ್ಲಿ ಅದು ಇಡೀ ಜಿಲ್ಲೆಗೆ ವ್ಯಾಪಿಸಿತು. 1982ರಲ್ಲಿ ಏಕಲವ್ಯ ಸಂಸ್ಥೆ ಹುಟ್ಟಿ ಭಾರ ವಹಿಸಿಕೊಂಡಿತು. ಸೈಕಲ್ಲಿನ ವಾಲ್ವ್ ಟ್ಯೂಬಿನ ತುಣುಕಿಗೆ ಬೆಂಕಿಕಡ್ಡಿಗಳನ್ನು ಸಿಕ್ಕಿಸಿ ತ್ರಿಕೋನ, ಘನಾಕೃತಿ, ಅಣುರಚನೆಗಳನ್ನು ಕಟ್ಟುವ ಅರವಿಂದ ಗುಪ್ತರ ಆಟಿಕೆಗಳು ಹುಟ್ಟಿದುದು ಈ ಕಾರ್ಯಕ್ರಮದ ಸಹವಾಸದಲ್ಲಿಯೇ.

ಅದರ ಪಠ್ಯವಾದ ‘ಬಾಲ್ ವೈಜ್ಞಾನಿಕ್’ನ ವಿಲಕ್ಷಣತೆಯೆಂದರೆ ಪ್ರಯೋಗದ ವಿಧಾನವೂ ಪ್ರಶ್ನೆಗಳೂ ಅದರಲ್ಲಿದ್ದುವು, ಫಲಿತಾಂಶ ಮಾತ್ರ ಇರುತ್ತಿರಲಿಲ್ಲ. ಉತ್ತರವನ್ನು ಹುಡುಗರ ನಾಲ್ಕು ನಾಲ್ಕು ಮಂದಿಯ ಟೋಳಿ ತಾನೇ ಕಂಡುಕೊಂಡು, ತನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಬೇಕು. ಹೀಗಾಗಿ ಪುಸ್ತಕವನ್ನು ಬಾಯಿಪಾಠ ಮಾಡಿದವನಿಗೆ ಯಾವ ಲಾಭವೂ ಇಲ್ಲ. ಒಂದು ಪಾಠವನ್ನು ಹತ್ತಿರದಿಂದ ನೋಡುವಾ. ತರಗತಿಯ ಮೇಜೊಂದರ ಉದ್ದವನ್ನು ಒಬ್ಬೊಬ್ಬರಾಗಿ ಎಲ್ಲರೂ ಅಳೆದು ಹಲಗೆಯ ಮೇಲೆ ಬರೆಯುತ್ತಾರೆ. ಅಳತೆಗಳು ಒಂದೇ ಆಗಿರುವುದಿಲ್ಲ. ನಮ್ಮ ಸಾಧಾರಣ ಶಾಲೆಯಲ್ಲಿ ಈ ಕ್ಷಣದಲ್ಲಿ ಗುರುಗಳು ‘ಸರಿಯಾದ’ ಅಂಕಿಯನ್ನು ಹೇಳಿ ಉಳಿದವರಿಗೆ ತಪ್ಪೆಂದು ಗುರುತು ಹಾಕುತ್ತಿದ್ದರು. ಇಲ್ಲಿಯಾದರೋ, ಯಾವ ಅಂಕಿ ಎಷ್ಟು ಸಲ ಬಂದಿತೆಂದು ಸ್ತಂಭಾಲೇಖವನ್ನು ಬರೆಯಿಸಿ, ಏರಿಳಿತವೆಂಬುದು ಅಳತೆಯ ಸಹಜಧರ್ಮವೆಂದೂ, ಅದರೊಳಗೆ ಒಂದು ನಿಯಮವುಂಟೆಂದೂ, ಅತಿ ದೂರ ಬಿದ್ದ ಅಂಕಿಯನ್ನು ಮಾತ್ರ ಮರಳಿ ಅಳೆದು ನೋಡಬೇಕೆಂದೂ ಮಕ್ಕಳೇ ಕಂಡುಕೊಳ್ಳುವಂತೆ ಮಾಡುತ್ತಿದ್ದರು. ಹನ್ನೊಂದು ವರ್ಷದ ಹಳ್ಳಿಯ ಹುಡುಗಿಯೊಬ್ಬಳು ಇದನ್ನು ತಿಳಿದುಕೊಂಡಳೆಂದರೆ ಪತ್ರಿಕೆಯಲ್ಲಿ ಬರುವ ಎಷ್ಟೋ ಅಂಕಿಅಂಶಗಳ ಮುಂದೆ ಆಕೆ ನಮಗಿಂತ ಎಚ್ಚರದಿಂದ ನಿಲ್ಲಬಲ್ಲಳು. ನೊಣದ ಮೊಟ್ಟೆಗಳನ್ನು ಸಗಣಿಯಲ್ಲಿ ಹುಡುಕಿ ಸಾಕಿ ಅದರ ಜೀವನಚಕ್ರವನ್ನು ನೋಡುವುದೂ, ನಾಣ್ಯ ಚಿಮ್ಮಿ ಸಂಭವನೀಯತೆಯನ್ನು ಲೆಕ್ಕಿಸುವುದೂ ಅಲ್ಲಿಯ ಪಾಠಗಳೇ. ಶಿಕ್ಷಕನಿಗೂ ತಿಳಿಯದ ಪ್ರಶ್ನೆ ಬಂದರೆ ‘ಸವಾಲೀರಾಮ’ ಎಂಬ ಕಲ್ಪಿತ ವ್ಯಕ್ತಿಗೆ ಮಕ್ಕಳು ಕಾಗದ ಬರೆಯುತ್ತಿದ್ದರು, ಆತನಿಂದ ಉತ್ತರವೂ ಬರುತ್ತಿತ್ತು.

ಈ ಕಾರ್ಯಕ್ರಮದವರು ವಾರ್ಧಾದವರಿಗಿಂತ ಒಂದು ವಿಷಯದಲ್ಲಿ ಚತುರರು. ಪರೀಕ್ಷೆಯನ್ನು ಬದಲಾಯಿಸದೆ ಪಾಠವನ್ನು ಬದಲಾಯಿಸಿದರೆ ಎರಡೂ ಕೆಡುತ್ತವೆಂಬುದನ್ನು ಅರಿತು, ಪುಸ್ತಕವನ್ನೂ ತನ್ನ ನೋಟ್‌ಬುಕ್ಕನ್ನೂ ತೆರೆದಿಟ್ಟುಕೊಂಡು ಬರೆಯಬಹುದಾದ ಲಿಖಿತ ಪರೀಕ್ಷೆಯನ್ನೂ, ಕೈಯಿಂದ ಮಾಡಿ ತೋರಿಸುವ ಪ್ರಾಯೋಗಿಕ ಪರೀಕ್ಷೆಯನ್ನೂ ಅವರು ಏರ್ಪಡಿಸಿದರು. ಶಿಕ್ಷಕರಿಗೆ ಬೇಸಗೆಯ ದೀರ್ಘ ತರಬೇತಿ, ಬಳಿಕ ಪ್ರತಿ ತಿಂಗಳೂ ಒಂದು ಕೂಟ. ಯಾವ ಪಾಠ ಎಲ್ಲಿ ಎಡವಿತೆಂದು ಅಲ್ಲಿ ವಾದವಿವಾದ. ಮೂವತ್ತು ವರ್ಷಗಳಲ್ಲಿ ಅದು ಸಾವಿರದಷ್ಟು ಶಾಲೆಗಳನ್ನು ಮುಟ್ಟಿತು. ಆದರೆ ಎಂಟನೆಯ ತರಗತಿಯಾಚೆಗೆ ಮಂಡಳಿಯ ಹಳೆಯ ಪರೀಕ್ಷೆಯೇ ಕಾದುಕೊಂಡಿತ್ತು. ನಮ್ಮ ಮಕ್ಕಳು ಮುಂದಿನ ಸ್ಪರ್ಧೆಯಲ್ಲಿ ಹಿಂದುಳಿಯುತ್ತಾರೆ, ರಾಜ್ಯದ ಉಳಿದೆಡೆ ಇರುವ ಪುಸ್ತಕವೇ ಇಲ್ಲಿಯೂ ಇರಲಿ ಎಂಬ ಕೂಗೆದ್ದಾಗ, 2002ರಲ್ಲಿ ಸರ್ಕಾರ ಅದನ್ನು ನಿಲ್ಲಿಸಿಬಿಟ್ಟಿತು. ದೇಶದ ಹಿರಿಯ ವಿಜ್ಞಾನಿಗಳ ಮನವಿಗಳಿಂದಲೂ ಆ ನಿರ್ಣಯ ಕದಲಲಿಲ್ಲ.

ಈ ಪದ್ಧತಿಯ ವಿರುದ್ಧ ಹೇಳುವ ಮಾತೆಲ್ಲ ಆಡಳಿತದ ಜಡತ್ವವೆಂದು ತಳ್ಳಿಹಾಕುವುದೂ ನ್ಯಾಯವಲ್ಲ. 2006ರಲ್ಲಿ ಕಿರ್ಷ್ನರ್, ಸ್ವೆಲ್ಲರ್, ಕ್ಲಾರ್ಕ್ ಎಂಬ ಮೂವರು ವಿದ್ವಾಂಸರು ಹಲವು ದಶಕಗಳ ಸಂಶೋಧನೆಯನ್ನು ಸಮೀಕ್ಷಿಸಿ, ಮಾರ್ಗದರ್ಶನ ಕಡಮೆಯಾದಷ್ಟೂ ಹೊಸಬನ ಕಲಿಕೆ ಕುಂಟುತ್ತದೆಂದು ವಾದಿಸಿದರು. ಮನುಷ್ಯನ ಸ್ಮೃತಿ ಏಕಕಾಲಕ್ಕೆ ಹೊರಬಲ್ಲ ಭಾರ ಅಲ್ಪ. ಏನೂ ತಿಳಿಯದವನನ್ನು ಸಮಸ್ಯೆಯ ನಡುವೆ ನಿಲ್ಲಿಸಿದರೆ ಹುಡುಕುವುದರಲ್ಲಿಯೇ ಆ ಶಕ್ತಿ ವ್ಯಯವಾಗಿ ಕಲಿಯುವುದಕ್ಕೆ ಉಳಿಯುವುದಿಲ್ಲ ಎಂಬುದು ಅವರ ತರ್ಕ. ಮರುವರ್ಷವೇ ಇದಕ್ಕೆ ಪ್ರತ್ಯುತ್ತರ ಬಂದು, ಒಳ್ಳೆಯ ಅನ್ವೇಷಣಾ ಪಾಠವು ಮಾರ್ಗದರ್ಶನರಹಿತವಲ್ಲ, ಅದರ ತುಂಬ ಊರುಗೋಲುಗಳಿರುತ್ತವೆ ಎಂದು ಸಮಾಧಾನ ಹೇಳಲಾಯಿತು. ನನಗೆ ಎರಡು ಕಡೆಯವರ ಮಾತೂ ಸರಿಯೆನ್ನಿಸುತ್ತದೆ. ಓದಲು ಬಾರದ ಮಗುವಿಗೆ ಪ್ರಾಜೆಕ್ಟು ಕೊಡುವುದು ಕ್ರೌರ್ಯ. ಮೇಜಿನ ಅಳತೆಯ ಪಾಠದಲ್ಲಿಯೂ ಮಕ್ಕಳಿಗೆ ಸ್ಕೇಲನ್ನು ಹಿಡಿಯುವುದು ಹೇಗೆಂದು ಮೊದಲು ನೇರವಾಗಿಯೇ ಹೇಳಿಕೊಡಬೇಕು. ಉತ್ತರವನ್ನು ಮಾತ್ರ ಹೇಳಬಾರದು. ಯಾವುದನ್ನು ಹೇಳಬೇಕು, ಯಾವುದನ್ನು ತಡೆಹಿಡಿಯಬೇಕು ಎಂಬ ಈ ವಿವೇಕವೇ ಉಪಾಧ್ಯಾಯನ ಕಲೆ.

ಕನ್ನಡನಾಡಿನ ಮಟ್ಟಿಗೆ ಎರಡು ಮಾತು ಸಾಕು. ಮೂವತ್ತರ ದಶಕದಲ್ಲಿ ಪುತ್ತೂರಿನಲ್ಲಿ ಶಿವರಾಮ ಕಾರಂತರು ಮಕ್ಕಳನ್ನು ಕಟ್ಟಿಕೊಂಡು ನಡೆಸಿದ ಪ್ರಯೋಗಗಳೂ ‘ಬಾಲಪ್ರಪಂಚ’ವೂ ಒಬ್ಬ ವ್ಯಕ್ತಿಯ ಸಾಹಸಗಳು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊದಲಾಗಿ, 2009ರಿಂದ ರಾಜ್ಯವ್ಯಾಪಿಯಾದ ನಲಿ-ಕಲಿ ಸರ್ಕಾರದ್ದೇ ಕಾರ್ಯ. ಅದು ಸಣ್ಣ ತರಗತಿಗಳ ಮಕ್ಕಳು ತಮ್ಮ ತಮ್ಮ ವೇಗದಲ್ಲಿ ಕಲಿಯುವುದಕ್ಕೆ ಅವಕಾಶವಿತ್ತಿತು, ಆದರೆ ಪ್ರಶ್ನೆ ಕೇಳುವ ವಯಸ್ಸಿಗೆ ಮಗು ಬರುವ ಹೊತ್ತಿಗೆ ಅದರ ಕೈ ಬಿಟ್ಟಿತು. ಪ್ರಶ್ನಿಸದೆ ಒಪ್ಪಬೇಡಿರೆಂದು ಜೀವಮಾನವೆಲ್ಲ ಬೋಧಿಸಿದ ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಮ್ಮನ್ನು ಸ್ಥಾಪಿಸಿದಾಗ ಎಲ್ಲರೂ ಮೆಚ್ಚಿದರು. 1976ರಲ್ಲಿ ಕುಲಪತಿಯಾಗಿದ್ದು ಪವಾಡಗಳನ್ನು ಪರೀಕ್ಷಿಸುವುದಕ್ಕೆ ಸಮಿತಿಯನ್ನು ನೇಮಿಸಿದಾಗ ಆ ಮೆಚ್ಚಿಗೆಯ ಪಾಲು ಎಷ್ಟು ಕುಗ್ಗಿತೆಂಬುದನ್ನು ಹಿರಿಯರು ಬಲ್ಲರು. ವಿಚಾರಶಕ್ತಿ ಬೇಕೆನ್ನುವವರು ಅದು ಯಾವ ದಿಕ್ಕಿಗೆ ನಡೆದೀತೆಂಬುದನ್ನೂ ತಾವೇ ಗೊತ್ತುಮಾಡಬೇಕೆಂದು ಬಯಸುವುದು ಲೋಕರೂಢಿ.

ಮರಳಿ ಮಹಾಲಿಗೆ ಬರೋಣ. ಈ ಪೇಟೆಯ ಪಕ್ಕದಲ್ಲಿ ಶುಕ್ರವಾರಿ ತಲಾವೆಂದು ಹಳಬರು ಕರೆಯುವ ಗಾಂಧಿಸಾಗರವಿದೆ. ಅದರ ಎದುರಿಗೆ 1992ರಲ್ಲಿ ತೆರೆದ ರಾಮನ್ ವಿಜ್ಞಾನ ಕೇಂದ್ರ. ಮುಂದೆ ಬೆಂಗಳೂರಿನವರಾದ ಸಿ. ವಿ. ರಾಮನ್ನರು 1910ರ ಸುಮಾರಿಗೆ ಹಣಕಾಸು ಇಲಾಖೆಯ ಅಧಿಕಾರಿಯಾಗಿ ಕೆಲಕಾಲ ನಾಗಪುರದಲ್ಲಿದ್ದರೆಂಬುದು ಆ ಹೆಸರಿಗೆ ಒಂದು ಸ್ಥಳೀಯ ಸಮರ್ಥನೆ. ನಗರಪಾಲಿಕೆಯ ಶಾಲೆಗಳ ಮಕ್ಕಳು ಸ್ಟ್ರಾ, ಬಲೂನು, ಖಾಲಿ ಶೀಸೆಗಳಂಥ ಅಗ್ಗದ ಸಾಮಗ್ರಿಯಿಂದ ಪ್ರಯೋಗ ಮಾಡಿ, ಬಂದವರಿಗೆಲ್ಲ ತಾವೇ ವಿವರಿಸುವ ‘ಅಪೂರ್ವ ವಿಜ್ಞಾನ ಮೇಳ’ವು ಅನೇಕ ವರ್ಷಗಳಿಂದ ಈ ನಗರದಲ್ಲಿ ನಡೆದುಬಂದಿದೆ. ಸೂಟುಬೂಟಿನ ಹಿರಿಯರಿಗೆ ವಾಯುಭಾರವನ್ನು ತಿಳಿಯಹೇಳುವ ಪಾಲಿಕೆಯ ಶಾಲೆಯ ಹುಡುಗಿಯ ಧ್ವನಿಯಲ್ಲಿ ಬರುವ ದೃಢತೆಯೇ ಒಂದು ಗಳಿಕೆ. ಆದರೂ ಅಲ್ಲಿ ಉತ್ತರ ಮೊದಲೇ ಗೊತ್ತಿರುತ್ತದೆ; ಗೊತ್ತಿಲ್ಲದ ಪ್ರಶ್ನೆಗಳಿಗೆ ಮಹಾಲಿನ ಗಲ್ಲಿಗಳಲ್ಲಿ ಬರವಿಲ್ಲ.

ಉದಾಹರಣೆಗೆ ಮೇ ತಿಂಗಳಲ್ಲಿ 45 ಡಿಗ್ರಿ ಮುಟ್ಟುವ ಈ ಊರಿನಲ್ಲಿ, ತೇಗದ ಕಂಬ, ದಪ್ಪ ಗೋಡೆ, ನಡುವೆ ಚೌಕ ಇರುವ ಹಳೆಯ ವಾಡೆಯೂ ಅದರ ಪಕ್ಕದ ಕಾಂಕ್ರೀಟಿನ ಮನೆಯೂ ಹಗಲಿನಲ್ಲಿ ಎಷ್ಟು ಕಾಯುತ್ತವೆ, ರಾತ್ರಿ ಎಷ್ಟು ಬೇಗ ತಣಿಯುತ್ತವೆ ಎಂಬುದನ್ನು ಎರಡು ಉಷ್ಣಮಾಪಕಗಳಿಂದ ಯಾವ ಏಳನೆಯ ತರಗತಿಯಾದರೂ ಪರೀಕ್ಷಿಸಬಹುದು. ಎರಡನ್ನೂ ನೆಲದಿಂದ ಒಂದೇ ಎತ್ತರದಲ್ಲಿ, ನೆರಳಿನಲ್ಲಿ, ಒಂದೇ ಹೊತ್ತಿಗೆ ನೋಡಬೇಕೆಂಬ ಜಗಳ ಮಕ್ಕಳಲ್ಲಿ ಎದ್ದಿತೆಂದರೆ ಪಾಠದ ಅರ್ಧ ಮುಗಿಯಿತು. ಅದಕ್ಕಿಂತಲೂ ರಸವತ್ತಾದುದು ಮಾರಬತ್. ಎತ್ತುಗಳ ಹಬ್ಬವಾದ ಪೋಳಾದ ಮರುದಿನ ಕಾಳಿ ಮಾರಬತ್, ಪಿವಳಿ ಮಾರಬತ್ ಎಂಬ ಎರಡು ದೈತ್ಯ ಪ್ರತಿಮೆಗಳನ್ನು ಇತವಾರಿ ಮಹಾಲುಗಳ ಬೀದಿಗಳಲ್ಲಿ ಮೆರೆಸಿ, ರೋಗರುಜಿನಗಳನ್ನೆಲ್ಲ ಕೊಂಡೊಯ್ಯೆಂದು ಕೂಗುತ್ತ ಒಯ್ದು ಸುಡುವ, ನೂರಮೂವತ್ತು ವರ್ಷಗಳನ್ನು ಮೀರಿದ ಈ ಉತ್ಸವದ ಮೂಲವೇನೆಂದು ಕೇಳಿದರೆ, ಒಬ್ಬರು ಮಳೆಗಾಲದ ಬೇನೆಗಳನ್ನು ಹೇಳುತ್ತಾರೆ. ಮತ್ತೊಬ್ಬರು ಬ್ರಿಟಿಷರೊಡನೆ ಕೈಗೂಡಿಸಿದ ಭೋಸಲೆ ಮನೆತನದ ಬಾಂಕಾಬಾಯಿಯೇ ಆ ಕರಿಯ ಪ್ರತಿಮೆಯೆನ್ನುತ್ತಾರೆ. ಇನ್ನೊಬ್ಬರು ಪುರಾಣದ ಪೂತನಿಯನ್ನು ತರುತ್ತಾರೆ. ತರಗತಿಯ ನಲವತ್ತು ಮಕ್ಕಳು ತಮ್ಮ ತಮ್ಮ ಅಜ್ಜಿಯರನ್ನು, ಆಜೋಬರನ್ನು ಕೇಳಿ ಬಂದು ಬರೆದರೆ ಹಲಗೆಯ ಮೇಲೆ ಮೇಜಿನ ಅಳತೆಗಳಂತೆಯೇ ಭಿನ್ನಭಿನ್ನವಾದ ಉತ್ತರಗಳು ನಿಲ್ಲುತ್ತವೆ. ಯಾರು ಹೇಳಿದರು, ಅವರು ಯಾರಿಂದ ಕೇಳಿದರು, ಯಾವ ಓಣಿಯಲ್ಲಿ ಯಾವ ಕಥೆ ಹೆಚ್ಚು, ಇದರಲ್ಲಿ ನಂಬಬಹುದಾದುದು ಎಷ್ಟು, ನಂಬಿಕೆಯಾಗಿಯೇ ಗೌರವಿಸಬೇಕಾದುದು ಎಷ್ಟು: ಚರಿತ್ರಕಾರನ ಸಮಸ್ತ ವಿದ್ಯೆಯೂ ಈ ಪ್ರಶ್ನೆಗಳಲ್ಲಿದೆ. ಇದರ ಚಿತ್ರಗಳ ಹಾಳೆ ಸಿಕ್ಕೀತು. ಆ ನಲವತ್ತು ಉತ್ತರಗಳನ್ನು ಯಾವ ಅಂಗಡಿಯೂ ಮಾರಲಾರದು.

ಇಂಥ ಪಾಠಕ್ಕೆ ಎಡೆಯೆಲ್ಲಿ ಎಂದು ಶಿಕ್ಷಕಿಯರು ಕೇಳುವುದು ಸಹಜ. ಮತದಾರರ ಪಟ್ಟಿ, ಜನಗಣತಿ, ಮಧ್ಯಾಹ್ನದ ಊಟದ ಲೆಕ್ಕ ಇವುಗಳ ನಡುವೆ ಉಳಿದ ವೇಳೆಯಲ್ಲಿ ಪಠ್ಯಕ್ರಮ ಮುಗಿಸಬೇಕಾದವರು ಅವರು. ಆದರೆ ನಿಯಮದ ಅಡ್ಡಿಯಿದೆಯೆಂದು ಮಾತ್ರ ಹೇಳುವಂತಿಲ್ಲ. ಮಹಾರಾಷ್ಟ್ರವು 2010ರಲ್ಲಿ ಪ್ರಾಥಮಿಕ ಶಾಲೆಗಳಿಗೆ ಕೊಟ್ಟ ನಿರಂತರ ಮೌಲ್ಯಮಾಪನದ ವಿಧಾನದಲ್ಲಿ, ದೈನಂದಿನ ನಿರೀಕ್ಷಣೆ, ಪ್ರಯೋಗ, ಪ್ರಕಲ್ಪಗಳ ಜತೆಗೆ ಪುಸ್ತಕವನ್ನು ತೆರೆದಿಟ್ಟು ಬರೆಯುವ ಪರೀಕ್ಷೆಯೂ ಹೆಸರುಗೊಂಡು ಸೇರಿದೆ. ಹೋಶಂಗಾಬಾದಿನವರು ಸರ್ಕಾರದಿಂದ ವಿಶೇಷಾನುಮತಿ ಬೇಡಿ ಪಡೆದುದು ಇಲ್ಲಿ ಪ್ರತಿಯೊಬ್ಬ ಗುರುವಿನ ಅಧಿಕಾರದೊಳಗೇ ಇದೆ, ಬಳಸುವವರು ವಿರಳ. ಇಲ್ಲದಿರುವುದು ಆ ತಿಂಗಳ ಕೂಟ, ಎಡವಿದ ಪಾಠವನ್ನು ಸಂಕೋಚವಿಲ್ಲದೆ ಹೇಳಿಕೊಳ್ಳುವ ಜಾಗ. ಅದಕ್ಕೆ 20 ಲಕ್ಷ ಬೇಕಿಲ್ಲ, ಮಹಾಲಿನ ಟೌನ್‌ಹಾಲಿನ ಒಂದು ಕೋಣೆ, ತಿಂಗಳಿಗೊಂದು ಶನಿವಾರ ಸಾಕು. 2023ರಲ್ಲಿ ಐದನೆಯ ಮತ್ತು ಎಂಟನೆಯ ತರಗತಿಗಳಿಗೆ ತೇರ್ಗಡೆಯ ವಾರ್ಷಿಕ ಪರೀಕ್ಷೆಯನ್ನು ಸರ್ಕಾರ ಮರಳಿ ತಂದ ಮೇಲೆ ಗುರುವಿನ ಆ ಅಧಿಕಾರಕ್ಕಿರುವ ಅವಕಾಶ ಕಿರಿದಾಗಿದೆ. ನಡುವೆ ಉಳಿದಿರುವುದು ಆರು ಮತ್ತು ಏಳನೆಯ ತರಗತಿ. ಕೂಟವನ್ನು ಆರಂಭಿಸುವವರು ಈ ಎರಡು ತರಗತಿಗಳ ಶಿಕ್ಷಕರಿಂದಲೇ ಆರಂಭಿಸಬೇಕಾದೀತು.